ಎಂಟಡಿ ಹಿತ್ತಲಿನ ಭೂಮಿ ಹುಣ್ಣಿಮೆ

ರುಚಿ ನೋಡದೆ ಅಡುಗೆ ಮಾಡುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ನಡುರಾತ್ರಿ ಒಂದೂವರೆಗೆ ಸೌತೆಕಾಯಿ ಕಡುಬಿನ ಹಿಟ್ಟಿಗೆ ಬೆಲ್ಲ ಹಾಕಿ ನೋಡಬೇಕು. ಸಾಕಾಯಿತೋ ಇಲ್ಲವೋ ಹೇಳುವವರಿಲ್ಲ. ಬೆರಳು ತಾನಾಗಿಯೇ ಬಾಯಿಯ ಕಡೆ ಹೋಗುತ್ತದೆ. ಅರ್ಧ ದಾರಿಯಲ್ಲಿ ಅತ್ತೆಯ ಕಣ್ಣು ಅದನ್ನು ಹಿಡಿಯುತ್ತದೆ.

“ಮೊದ್ಲು ಅವಳು ಉಣ್ಲಿ. ಆಮೇಲೆ ನಾವು.”

ಅವಳು ಅಂದರೆ ಭೂಮಿತಾಯಿ. ಮಲೆನಾಡಿನ ನಮಗೆ ಆಶ್ವಯುಜದ ಹುಣ್ಣಿಮೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಯಾಗಿ ನಿಂತ ಹೊತ್ತು, ಭೂಮಿಗೆ ದಿನ ತುಂಬುತ್ತಿರುವ ಹೊತ್ತು. ಬಸುರಿಗೆ ಬಯಕೆ ಊಟ ಬಡಿಸದೆ ಇರುತ್ತಾರೆಯೇ? ಹಿಂದಿನ ರಾತ್ರಿ ಹೆಂಗಸರು ನಿದ್ದೆಗೆಟ್ಟು ಬೇಯಿಸುತ್ತಾರೆ. ಬೆಳಗಿನ ಜಾವದ ಕತ್ತಲಲ್ಲೇ ಗಂಡಸರು ಬಗೆಬಗೆಯ ಸೊಪ್ಪು ಕೂಡಿಸಿ ಬೇಯಿಸಿದ ಅಚ್ಚಂಬಲಿಯ ಬುಟ್ಟಿ ಹೊತ್ತು ಗದ್ದೆ ತೋಟದುದ್ದ ಕೂಗುತ್ತ ಬೀರಿ ಬರುತ್ತಾರೆ. ಬೆಳಕು ಹರಿದ ಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ, ಭತ್ತದ ಬುಡಕ್ಕೆ ಹೊಸ ರವಿಕೆ ಕಣ ಇಟ್ಟು, ಮನೆಯೊಡತಿಯ ಸರವನ್ನು ಗಿಡಕ್ಕೆ ತೊಡಿಸಿ ಪೂಜೆ ಮಾಡಿ, ಕಾಗೆಗೊಂದು ಎಡೆ, ಇಲಿಗೊಂದು ಎಡೆ ಇಟ್ಟು ಅಲ್ಲೇ ಕೂತು ಉಣ್ಣುತ್ತಾರೆ.

ಮದುವೆಯಾದಾಗಿನಿಂದ ಇದಕ್ಕೆಲ್ಲ ನಾವು ಸಾಗರದ ಕಡೆಯ ಊರಿಗೆ ಹೋಗುತ್ತಿದ್ದೆವು. ಗದ್ದೆ ಭಾವನವರ ಪಾಲಿನದು, ಹಬ್ಬ ಎಲ್ಲರದು. 2023ರಲ್ಲಿ ಮಾತ್ರ ಹೊರಡುವ ಹಿಂದಿನ ದಿನ ಸಣ್ಣವಳಿಗೆ ಜ್ವರ ಬಂತು. ಶಿವಮೊಗ್ಗದಲ್ಲೇ ಉಳಿದೆವು. ಮೂವತ್ತು ನಲವತ್ತರ ಸೈಟಿನ ಮನೆ, ಹಿಂದೆ ಎಂಟಡಿ ಅಗಲದ ಹಿತ್ತಲು. ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಬಚ್ಚಲ ನೀರಿಗೆ ಕೊಬ್ಬಿದ ಕೆಸು, ಕಾಂಪೌಂಡಿನ ಮೇಲೆ ಹಬ್ಬಿದ ಬಸಳೆ. ಈ ವರ್ಷ ಹಬ್ಬ ಬಿಟ್ಟಹಾಗೆ ಆಯ್ತು ಎಂದು ನಾನು ಒಳಗೊಳಗೇ ಹಗುರಾಗಿದ್ದೆ ಕೂಡ. ಇಡೀ ರಾತ್ರಿ ನಿದ್ದೆಗೆಡುವುದು ಯಾರಿಗೆ ಇಷ್ಟ? ಅತ್ತೆ ಮಾತ್ರ ಏನೂ ಆಗಿಲ್ಲವೆನ್ನುವಂತೆ ಅಕ್ಕಿ ನೆನೆಹಾಕಿದರು.

“ಗದ್ದೆನೇ ಇಲ್ವಲ್ಲತ್ತೆ” ಅಂದೆ.

“ನಮ್ಮವ್ವಂಗೂ ಇರ್ಲಿಲ್ಲ.”

ಅತ್ತೆಯ ತವರು ಶರಾವತಿ ಕಣಿವೆಯದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಲ್ಲಿ ಮನೆ, ಕೊಟ್ಟಿಗೆ, ಗದ್ದೆ ಎಲ್ಲ ಹೋಯಿತು. ಆಗ ಇವರು ಎಂಟು ಒಂಬತ್ತರ ಹುಡುಗಿ. ಲಾರಿಯಲ್ಲಿ ಸಾಮಾನು, ಅದರ ಮೇಲೆ ಮಕ್ಕಳು, ಹೋಗಿ ಇಳಿದಲ್ಲಿ ಗದ್ದೆಯಿಲ್ಲ, ಬರೀ ಕಾಡು. ಮರ ಕಡಿದು ಬೇರು ಕಿತ್ತು ಸಾಗುವಳಿಗೆ ಬರಲು ಇನ್ನೂ ವರ್ಷಗಳೇ ಬೇಕಿತ್ತು. ಆ ವರ್ಷದ ಹುಣ್ಣಿಮೆಗೆ ಅವರವ್ವ ಸೋಗೆ ಗುಡಿಸಲಿನ ಮುಂದೆ ಒಲೆ ಹೂಡಿ ಸಿಕ್ಕ ಸೊಪ್ಪನ್ನೆಲ್ಲ ಬೇಯಿಸಿ, ಗುಡಿಸಲಿನ ಸುತ್ತ ಒಂದು ಸುತ್ತು ಬೀರಿ ಬಂದರಂತೆ. ಎಡೆ ಇಟ್ಟದ್ದು ಕಡಿದುಳಿದ ಒಂದು ಮರದ ಬೊಡ್ಡೆಯ ಮೇಲೆ. ಅತ್ತೆ ಇದನ್ನು ಅಳುತ್ತಲೋ ನಿಟ್ಟುಸಿರು ಬಿಟ್ಟೋ ಹೇಳುವುದಿಲ್ಲ. ಅಕ್ಕಿ ತೊಳೆಯುತ್ತ, ನೀರು ಬಸಿಯುತ್ತ, ನಿನ್ನೆ ಸಂತೆಯ ವಿಷಯ ಹೇಳಿದಂತೆ ಹೇಳುತ್ತಾರೆ. ನಾನು ಎದ್ದು ಸೌತೆಕಾಯಿ ತುರಿಯಲು ಕೂತೆ.

ಬುಟ್ಟಿಯ ಕಥೆ ಬೇರೆಯೇ ಇದೆ. ಊರಲ್ಲಿ ಅಚ್ಚಂಬಲಿ ಹೊರುವ ಭೂಮಣ್ಣಿ ಬುಟ್ಟಿಗೆ ವಾರದ ಮೊದಲೇ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ದೀವರ ಸಮುದಾಯದ ಮನೆಗಳ ಹೆಂಗಸರು ಎಳೆಯುವ ಗೆರೆ ನೋಡಬೇಕು, ಕೈ ನಡುಗುವುದೇ ಇಲ್ಲ. ನಮ್ಮಲ್ಲಿದ್ದದ್ದು ಪೇಟೆಯಲ್ಲಿ ತಂದ ಒಂದು ಬಿದಿರಬುಟ್ಟಿ, ಕೆಮ್ಮಣ್ಣಿನ ಒಂದು ಉಂಡೆ, ಮತ್ತೆ ಏಳು ವರ್ಷದ ಮಗ. ನಾರಿನ ಬದಲು ಇಯರ್‌ಬಡ್ಸ್ ಹಿಡಿದು ಕೂತ. ಭತ್ತದ ತೆನೆ ಬರೆ, ಎತ್ತು ಬರೆ ಎಂದು ಹೇಳಿ ನಾನು ಒಳಗೆ ಬಂದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಒಂದು ತೆನೆ, ಒಂದು ಚಂದ್ರ, ಉಳಿದ ಜಾಗದಲ್ಲೆಲ್ಲ ದೊಡ್ಡದೊಂದು ಜೆಸಿಬಿ.

ಅತ್ತೆ ಬುಟ್ಟಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. “ಬಸುರಿ ಊಟದ ಬುಟ್ಟಿ ಮೇಲೆ ಹೊಟ್ಟೆ ಬಗಿಯೋದನ್ನೇ ಬರೆದ್ಯಲ್ಲೋ!” ಅಂದರು. ಅವನ ಮುಖ ಸಣ್ಣದಾಯಿತು. ಅಳಿಸುತ್ತಾರೇನೋ ಅಂದುಕೊಂಡೆ. ಬೆರಳಲ್ಲಿ ಸ್ವಲ್ಪ ಅಕ್ಕಿಹಿಟ್ಟು ಅದ್ದಿ ಜೆಸಿಬಿಯ ತೆರೆದ ಬಾಯೊಳಗೆ ಐದು ಚುಕ್ಕಿ ಇಟ್ಟರು. “ತಗ, ಈಗ ಇದು ಭತ್ತ ಹೊತ್ಕಂಡು ಬರ್ತಾ ಇದೆ.”

ಸೊಪ್ಪು ಕೊಯ್ಯುವುದು ಮಕ್ಕಳ ಕೆಲಸ. ಅಚ್ಚಂಬಲಿಗೆ ನೂರೊಂದು ಕುಡಿ ಬೇಕೆಂಬುದು ಬೀರುವಾಗ ಕೂಗುವ ಕೂಗಿನಲ್ಲೇ ಇದೆಯಲ್ಲ. ಊರಲ್ಲಾದರೆ ಗುಡ್ಡವಿದೆ, ಬೇಣವಿದೆ. ಇಲ್ಲಿ? ಕೆಸು, ಬಸಳೆ, ನುಗ್ಗೆ, ದಾಸವಾಳದ ಎಳೆಯೆಲೆ, ಹರಿವೆ, ದೊಡ್ಡಪತ್ರೆ, ಚಕ್ರಮುನಿ, ಕಲ್ಲಿನ ಸಂದಿಯ ಒಂದೆಲಗ, ಯಾರೂ ನೆಡದೆ ಹುಟ್ಟಿದ ಹೊನಗೊನೆ, ಪಕ್ಕದ ಖಾಲಿ ಸೈಟಿನ ಕುಂಬಳದ ಕುಡಿ, ಅಲ್ಲೇ ಬೇಲಿಯ ಹಾಗಲ. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳು ಬರದ ಪಟ್ಟಿಯಲ್ಲಿದ್ದವು. ಹಿತ್ತಲಲ್ಲಿ ಹಸಿರು ಉಳಿದಿದ್ದರೆ ಅದು ಪಾತ್ರೆ ತೊಳೆದ ನೀರಿನ ಕೃಪೆ. ಮಗ ಕ್ರೋಟನ್ ಎಲೆಯನ್ನೂ ಕೊಯ್ದು ತಂದಿದ್ದ, ಬಣ್ಣ ಚೆನ್ನಾಗಿದೆಯೆಂದು. ತಿನ್ನುವ ಸೊಪ್ಪು ಯಾವುದು, ಮುಟ್ಟಬಾರದ್ದು ಯಾವುದು ಎಂದು ಅತ್ತೆ ಒಂದೊಂದನ್ನೇ ಹಿಸುಕಿ ಅವನ ಮೂಗಿಗೆ ಹಿಡಿದರು. ಶಾಲೆಯಲ್ಲಿ ಇಂಥ ಪಾಠ ಇದ್ದರೆ ಒಳ್ಳೆಯದಿತ್ತು.

ಎಣಿಸಿದರೆ ಹತ್ತೊಂಬತ್ತೇ ಬಗೆ. ಜ್ವರ ಇಳಿದು ಹಾಸಿಗೆಯಿಂದ ಎದ್ದು ಬಂದಿದ್ದ ಮೂರು ವರ್ಷದವಳು ಅಣ್ಣನ ಜೊತೆ ನೆಲದ ಮೇಲೆ ಕೂತು “ಹತ್ತೊಂಬತ್ತು” ಎಂಬುದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಮಗ ಸ್ವಲ್ಪ ಹೊತ್ತು ಯೋಚಿಸಿ ಒಂದು ನುಗ್ಗೆ ಕಡ್ಡಿ ಎತ್ತಿಕೊಂಡು ಅದರ ಪುಟ್ಟ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಎಣಿಸತೊಡಗಿದ. ಎಪ್ಪತ್ತು ದಾಟಿದಾಗ ತಲೆಯೆತ್ತಿ, “ಅಜ್ಜಿ, ಇದೊಂದ್ರಲ್ಲೇ ನೂರೊಂದು ಇರುತ್ತೆ” ಅಂದ. ಲೆಕ್ಕ ಸರಿಯಿತ್ತು. ಅತ್ತೆ ಒಪ್ಪಿಬಿಟ್ಟರು.

ಅಚ್ಚಂಬಲಿಗೆ ನಮ್ಮ ಮನೆಯಲ್ಲಿ ಉಪ್ಪು ಹಾಕುವುದಿಲ್ಲ. ಅದನ್ನು ಮಗ ಕಂಡುಹಿಡಿದದ್ದು ಸೌಟು ನೆಕ್ಕಿ. ಹೌದು, ನಾವಿಬ್ಬರೂ ಕಣ್ಣಿಟ್ಟು ಕಾಯುತ್ತಿದ್ದರೂ ನೆಕ್ಕಿದ, ತಕ್ಷಣ ಉಗಿದ. “ಅಜ್ಜಿ, ಉಪ್ಪು ಮರ್ತೀರಿ!”

ನನ್ನ ಗಂಡ ಬಾಗಿಲಲ್ಲಿ ನಿಂತು, ಉಪ್ಪು ಬಿದ್ದರೆ ಗಿಡದ ಬೇರು ಸುಡುತ್ತದೆ, ಅದಕ್ಕೇ ಹಾಕುವುದಿಲ್ಲ ಎಂದು ವಿವರಿಸಿದರು. ಅದೂ ನಿಜವಿರಬಹುದು. ಅತ್ತೆ ಹೇಳಿದ್ದು ಬೇರೆ. “ನಿನ್ ತಂಗಿ ಹೊಟ್ಟೇಲಿದ್ದಾಗ ನಿಮ್ಮಮ್ಮಂಗೆ ಕಾಲು ಊದಿತ್ತು. ಡಾಕ್ಟ್ರು ಉಪ್ಪು ಬ್ಯಾಡ ಅಂದಿದ್ರು. ಭೂಮ್ತಾಯಿಗೂ ಅದೇ ಪಥ್ಯ.”

ನನಗೆ ಆ ಮೂರು ತಿಂಗಳು ನೆನಪಿಗೆ ಬಂತು. ಚಪ್ಪಲಿ ಹಿಡಿಸದ ಕಾಲು, ಉಪ್ಪಿಲ್ಲದ ಗಂಜಿ. ನನ್ನೊಬ್ಬಳಿಗೆ ಬೇರೆ ಅಡುಗೆ ಏಕೆಂದು ಅತ್ತೆಯೂ ಅದನ್ನೇ ಉಣ್ಣುತ್ತಿದ್ದರು. ಆಗ ಅದನ್ನು ಮುದುಕಿಯ ಹಟ ಅಂದುಕೊಂಡಿದ್ದೆ. ದಿನವೂ ದೇವರಮನೆಯಲ್ಲಿ ಕೂತು ಸ್ತೋತ್ರ ಹೇಳುವವಳಲ್ಲ ನಾನು. ದೀಪ ಹಚ್ಚಿದ ಕೈಯಲ್ಲೇ ಕುಕ್ಕರ್ ಇಡುವವಳು. ಭೂಮಿ ತಾಯಿ ಎಂದು ಬಾಯಲ್ಲಿ ಹೇಳುವುದು ಸುಲಭ, ಬಾವುಟದ ದಿನ ಎಲ್ಲರೂ ಹೇಳುತ್ತಾರೆ. ಆ ರಾತ್ರಿ ಮಾತ್ರ ಒಲೆಯ ಮುಂದೆ ಕೂತವಳಿಗೆ, ಕಾಲು ಊದಿಸಿಕೊಂಡ ಯಾರೋ ಹಿತ್ತಲ ಬಾಗಿಲ ಆಚೆ ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ಕೂತಿದ್ದಾಳೆ, ಹಸಿದಿದ್ದಾಳೆ, ಕೇಳಲು ಸಂಕೋಚಪಡುತ್ತಿದ್ದಾಳೆ ಅನ್ನಿಸಿತು. ಒಂದೆರಡು ಸಲ ಎದ್ದು ನೋಡಿದೆ ಕೂಡ. ಬೆಳದಿಂಗಳು ಕೆಸುವಿನೆಲೆಯ ಮೇಲೆ ಬಿದ್ದಿತ್ತು, ಅಷ್ಟೇ.

ಕಡುಬಿನ ಹಿಟ್ಟಿಗೆ ನೀರು ಸೋಕಿಸುವಂತಿಲ್ಲ. ಸೌತೆಕಾಯಿ ತುರಿಗೆ ಬೆಲ್ಲ ಬೆರೆಸಿ ಬಿಟ್ಟರೆ ಅದೇ ನೀರು ಬಿಡುತ್ತದೆ. ಆ ನೀರಿಗೆ ಅಕ್ಕಿತರಿ, ಕಾಯಿತುರಿ, ಏಲಕ್ಕಿ ಹಾಕಿ ಅರ್ಧ ಗಂಟೆ ಬಿಟ್ಟರೆ ತರಿ ಅದನ್ನೆಲ್ಲ ಕುಡಿದು ಉಬ್ಬುತ್ತದೆ. ಬಾಡಿಸಿದ ಬಾಳೆ ಎಲೆಯಲ್ಲಿ ಮಡಿಚಿ ಹಬೆಗೆ ಇಡುವುದು. ಬೆಲ್ಲ ಎಷ್ಟು ಬೇಕೆಂಬುದು ಕಾಯಿ ಎಳೆಯದೋ ಬಲಿತದ್ದೋ ಎಂಬುದರ ಮೇಲೆ ಹೋಗುತ್ತದೆ, ಅದನ್ನು ನಾಲಿಗೆಯೇ ಹೇಳಬೇಕು. ನಾನು ಕಣ್ಣಳತೆಯಲ್ಲಿ ಹಾಕಿದೆ. ಅಮಟೆಕಾಯಿ, ಪತ್ರೊಡೆ, ಮೊಸರನ್ನದ ಬುತ್ತಿ, ಪಾಯಸ ಎಲ್ಲ ಮುಗಿಯುವಾಗ ನಾಲ್ಕು ಗಂಟೆ.

ನಾಲ್ಕೂವರೆಗೆ ಬೀರಲು ಹೊರಟರು. ಗಂಡನ ತಲೆಯ ಮೇಲೆ ಜೆಸಿಬಿ ಬುಟ್ಟಿ, ಮಗನ ಕೈಯಲ್ಲಿ ದೊಂದಿಯ ಬದಲು ಟಾರ್ಚು. ಊರಲ್ಲಿ ಗುಡ್ಡಕ್ಕೆ ಕೇಳುವಂತೆ ಕೂಗುವ ಮನುಷ್ಯ ಇಲ್ಲಿ ಲೇಔಟಿನ ಜನ ಏನಂದಾರೋ ಎಂದು ಪಿಸುಗುಡುತ್ತಿದ್ದರು. ಅತ್ತೆ ಹಿಂದಿನಿಂದ, “ಉಣ್ಣಕ್ಕೆ ಕರಿಯೋದು ಹಿಂಗನಾ? ಯಾರು ಬರ್ತಾರೆ?” ಅಂದದ್ದೇ ತಡ, ಮಗ ಗಂಟಲು ಹರಿಯುವಂತೆ ಶುರುಮಾಡಿದ: “ಅಚ್ಚಂಬಲಿ, ಹಾಲಂಬಲಿ! ಗುಡ್ಡದ ಮೇಲಿನ ನೂರೊಂದು ಕುಡಿ! ಭೂಮ್ತಾಯಿ ಉಂಡು ಹೋಗ್ಲಿ!”

ಬೀದಿನಾಯಿಗಳೆಲ್ಲ ಎದ್ದವು. ಎದುರುಮನೆಯಲ್ಲಿ ದೀಪ ಹತ್ತಿತು. ನುಗ್ಗೆ ಬುಡಕ್ಕೊಂದು ಹಿಡಿ, ಬಸಳೆಗೊಂದು, ಗೇಟಿನ ಹೊರಗಿನ ಹೊಂಗೆಮರಕ್ಕೊಂದು, ಖಾಲಿ ಸೈಟಿಗೆ ಎರಡು ಹಿಡಿ. ಸುತ್ತು ಮುಗಿಯಲು ಐದು ನಿಮಿಷವೂ ಬೇಕಾಗಲಿಲ್ಲ.

ಎದುರುಮನೆಯವರು ಹಾವೇರಿ ಕಡೆಯವರು. ಬೆಳಗ್ಗೆ ಗೇಟಿನ ಹತ್ತಿರ ಅವರು ಬಂದಾಗ ಬೈಗುಳ ಗ್ಯಾರಂಟಿ ಎಂದು ನಾನು ಸೆರಗು ಸರಿಮಾಡಿಕೊಂಡೆ. “ಏನ್ರೀ ಅಕ್ಕಾರ, ನಿಮ್ಮಲ್ಲೂ ಚರಗಾ ಚೆಲ್ತಾರೇನು? ಸೀಗಿ ಹುಣ್ಣಿವಿಗೆ ನಮ್ಮಪ್ಪ ಹೊಲದಾಗ ಹುಲ್ಲುಲ್ಲಿಗೋ ಅಂತ ಕೂಗತಿದ್ರು. ಹನ್ನೆರಡ ವರ್ಷ ಆತ್ರೀ ಕೇಳಿ” ಅಂದರು. ಕಣ್ಣು ಒದ್ದೆಯಾಗಿತ್ತು. ಮಧ್ಯಾಹ್ನ ಅವರ ಮನೆಯಿಂದ ಎಣ್ಣೆಗಾಯಿ ಬಂತು, ನಮ್ಮ ಮನೆಯಿಂದ ಪತ್ರೊಡೆ ಹೋಯಿತು.

ಪೂಜೆ ಮಾಡಲು ಭತ್ತದ ಗಿಡವಿರಲಿಲ್ಲವಾದ್ದರಿಂದ ಅತ್ತೆ ಹೊನಗೊನೆಯ ಪಕ್ಕ ತಾನಾಗಿ ಎದ್ದಿದ್ದ ಒಂದು ಹುಲ್ಲಿನ ತೆನೆಗೆ ತಮ್ಮ ಸರ ತೊಡಿಸಿದರು. ಕಾಗೆಗೆ ಕಾಂಪೌಂಡಿನ ಮೇಲೆ ಎಡೆ. ಇಲಿಯ ಎಡೆ ಬಂದಾಗ ನಾನು ಒಳಗೋಡಬೇಕಾಯಿತು, ಏಕೆಂದರೆ ಬಚ್ಚಲ ಪಕ್ಕದ ಬಿಲದ ಬಾಯಿಗೆ ಮೂರು ದಿನದ ಹಿಂದಷ್ಟೇ ನಾನೇ ಇಲಿಪಾಷಾಣದ ಬಿಲ್ಲೆ ಇಟ್ಟಿದ್ದೆ. ಅದನ್ನು ಕಾಗದದಲ್ಲಿ ಸುತ್ತಿ ತೆಗೆದು, ಅದೇ ಜಾಗವನ್ನು ತೊಳೆದು, ಅದೇ ಕೈಯನ್ನು ಸೋಪು ಹಾಕಿ ಮೂರು ಸಲ ತಿಕ್ಕಿ ಬಂದು ಅಲ್ಲಿ ಬಾಳೆ ಎಲೆ ಹಾಸಿದೆ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ. ಬೆಳೆಯನ್ನು ಕಡಿಯುವ ಪ್ರಾಣಿಗೂ ಹಬ್ಬದ ದಿನ ಮರೆಯದೆ ಬಡಿಸುವ ಈ ಕ್ರಮದ ಮುಂದೆ ನನಗೆ ನಾಚಿಕೆಯಾಯಿತು. ಮರುವಾರ ಮತ್ತೆ ಬಿಲ್ಲೆ ಇಡುವೆನೆಂದೂ ಗೊತ್ತಿತ್ತು. ಎರಡೂ ನಿಜ.

ಕಡೆಗೆ ಒಂದು ಕಡುಬನ್ನು ಮಣ್ಣಿನಲ್ಲಿ ಹುಗಿಯುವುದು. ಊರಲ್ಲಾದರೆ ಕೊಯ್ಲಿನ ದಿನ ಅದನ್ನು ಅಗೆದು ತೆಗೆಯುತ್ತಾರೆ. ಮಗ ನುಗ್ಗೆಯ ಬುಡದಲ್ಲಿ ಅಗೆದು, ಹುಗಿದು, ಗುರುತಿಗೆ ಐಸ್‌ಕ್ರೀಮ್ ಕಡ್ಡಿ ನೆಟ್ಟ.

ಆ ದಿನ ವಾಲ್ಮೀಕಿ ಜಯಂತಿಯ ರಜೆ, ರಾತ್ರಿ ಚಂದ್ರಗ್ರಹಣ. ಸಂಜೆಯೊಳಗೆ ಉಣ್ಣುವುದೆಲ್ಲ ಮುಗಿಯಬೇಕೆಂದು ಅತ್ತೆಯ ಗಡಿಬಿಡಿ. ಹಿತ್ತಲಲ್ಲೇ ಚಾಪೆ ಹಾಸಿ ಕೂತೆವು. ಕಡುಬು ಬಾಯಿಗಿಟ್ಟ ಗಂಡ ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸಿ, “ಬೆಲ್ಲ ಸ್ವಲ್ಪ ಕಮ್ಮಿ ಆಗಿದೆ” ಅಂದರು. ಮಗ ತುಪ್ಪ ಸಕ್ಕರೆ ಕೇಳಿದ. ಇಡೀ ರಾತ್ರಿ ನಿದ್ದೆಗೆಟ್ಟವಳಿಗೆ ಇದಕ್ಕಿಂತ ಹೊಟ್ಟೆ ಉರಿಸುವ ಮಾತು ಇನ್ನೊಂದಿಲ್ಲ. ನಿಜಕ್ಕೂ ಸಪ್ಪೆಯೇ ಇತ್ತು. ಅವಳಿಗೆ ವರ್ಷಕ್ಕೊಂದು ಊಟ, ಅದನ್ನೂ ಸಪ್ಪೆಯಾಗಿ ಬಡಿಸಿದೆನಲ್ಲ ಎಂದು ರಾತ್ರಿ ಮಲಗಿದ ಮೇಲೂ ಕೊರೆಯುತ್ತಿತ್ತು.

ಮರುದಿನ ಬೆಳಗ್ಗೆ ಮಗನ ಅಳು ಕೇಳಿ ಹಿತ್ತಲಿಗೆ ಓಡಿದೆ. ಐಸ್‌ಕ್ರೀಮ್ ಕಡ್ಡಿ ಅಡ್ಡ ಬಿದ್ದಿತ್ತು. ಗುಂಡಿ ತೆರೆದಿತ್ತು. ಹೆಗ್ಗಣ ರಾತ್ರಿ ಬಂದು ಅಗೆದು, ಕಡುಬು ತಿಂದು, ಬಾಳೆ ಎಲೆಯನ್ನು ಮಣ್ಣಿನ ಮೇಲೆ ಬಿಚ್ಚಿ ಹಾಕಿ ಹೋಗಿತ್ತು. ಕೊಯ್ಲಿನವರೆಗೆ ಇರಬೇಕಾಗಿದ್ದದ್ದು ಒಂದು ರಾತ್ರಿಯೂ ಇರಲಿಲ್ಲ.

ಅತ್ತೆ ನಿಧಾನವಾಗಿ ಬಂದು, ಮೊಣಕಾಲು ಹಿಡಿದು ಬಗ್ಗಿ, ಆ ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಒಂದು ಅಗುಳು ಅಂಟಿರಲಿಲ್ಲ. ಎಲೆಯನ್ನು ನನ್ನ ಕೈಗೆ ಕೊಟ್ಟು, “ನೋಡು, ಕಮ್ಮಿ ಆಗಿತ್ತು ಅಂತ ಇವ್ಳೇನೂ ಅಂದಿಲ್ಲ” ಅಂದು ಮುಖ ತೊಳೆಯಲು ಹೋದರು.