ಇನ್ನೂ ಓದ್ತಾ ಇದ್ದೀಯಾ?

ಹೌದು, ಇನ್ನೂ ಓದುತ್ತಿದ್ದೇನೆ.

ಇಷ್ಟಕ್ಕೇ ಬಿಟ್ಟರೆ ಎಷ್ಟು ಚೆನ್ನಾಗಿತ್ತು. ಯಾರೂ ಬಿಡುವುದಿಲ್ಲ. ಮದುವೆಮನೆ, ಗೃಹಪ್ರವೇಶ, ಬ್ಯಾಂಕಿನ ಕ್ಯೂ, ರೈಲಿನಲ್ಲಿ ಎದುರು ಸೀಟಿನವರು, ಎಲ್ಲ ಕಡೆ ಇದೇ ಪ್ರಶ್ನೆ. ನನಗೆ 36 ವರ್ಷ. ಮಕ್ಕಳಿಗೆ ಆಪರೇಷನ್ ಮಾಡುವ ಸರ್ಜನ್. ಈಗ ಚೆನ್ನೈನಲ್ಲಿ ಎರಡು ವರ್ಷದ ಫೆಲೋಶಿಪ್ ಮಾಡುತ್ತಿದ್ದೇನೆ, ಮಕ್ಕಳ ಲಿವರ್ ಆಪರೇಷನ್ ಮತ್ತು ಲಿವರ್ ಕಸಿ ಕಲಿಯುವುದಕ್ಕೆ. ಇಷ್ಟು ಹೇಳುವಷ್ಟರಲ್ಲಿ ಎದುರಿನವರ ಮುಖದಲ್ಲಿ ಕನಿಕರ ಬಂದಿರುತ್ತದೆ. 'ಪಾಪ, ಬುದ್ಧಿವಂತೆ ಅಂದ್ಕೊಂಡಿದ್ವಿ' ಅನ್ನುವ ಥರದ ಕನಿಕರ. ಹೇಳಿ ಹೇಳಿ ಬಾಯಿ ನೋವು. ಬರೆದಿಟ್ಟುಬಿಡುತ್ತೇನೆ, ಇನ್ನು ಮೇಲೆ ಕೇಳಿದವರು ಓದಿಕೊಳ್ಳಲಿ.

ಮೊದಲು ಲೆಕ್ಕ ಮುಗಿಸೋಣ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಎಂಎಸ್ ಜನರಲ್ ಸರ್ಜರಿ 3 ವರ್ಷ. ಅದಾದ ಮೇಲೆ ಎಂಸಿಎಚ್ ಪೀಡಿಯಾಟ್ರಿಕ್ ಸರ್ಜರಿ, ಅಂದರೆ ಮಕ್ಕಳ ಸರ್ಜರಿ, ಮತ್ತೆ 3 ವರ್ಷ. ಎಲ್ಲೂ ಎಡವದೆ ಹೋದರೆ ಒಟ್ಟು ಹನ್ನೊಂದೂವರೆ. ನಡುವೆ ಎಂಟ್ರೆನ್ಸ್‌ಗೆ ಓದಿದ ಕಾಲ, ಸರ್ಕಾರಿ ಸೇವೆಯ ಒಂದು ವರ್ಷ, ಕೌನ್ಸೆಲಿಂಗ್ ಮುಂದಕ್ಕೆ ಹೋಯಿತು ಅಂತ ಮನೆಯಲ್ಲಿ ಕೂತ ತಿಂಗಳುಗಳು. (ಎಂಬಿಬಿಎಸ್ ಆದ ಕೂಡಲೇ ನೇರವಾಗಿ ಡಿಆರ್‌ಎನ್‌ಬಿ ಅನ್ನುವ ಆರು ವರ್ಷದ ಕೋರ್ಸ್ ಸೇರುವ ದಾರಿಯೂ ಇದೆ. ನಾನು ಹಿಡಿದದ್ದು ಸುತ್ತುದಾರಿ.) ಫೆಲೋಶಿಪ್ ಬರುವುದು ಇದೆಲ್ಲ ಮುಗಿದ ಮೇಲೆ. ಮಕ್ಕಳ ಕಿಡ್ನಿ, ಮೂತ್ರಕೋಶದ್ದು ಒಂದು, ಕೀಹೋಲ್ ಆಪರೇಷನ್ನಿನದು ಒಂದು, ಲಿವರ್‌ದು ಒಂದು, ಹೀಗೆ ಬೇರೆ ಬೇರೆ ಇವೆ. ಕಡ್ಡಾಯ ಅಲ್ಲ. ಇದಿಲ್ಲದೆಯೂ ನಾನು ಬೋರ್ಡ್ ಹಾಕಿಕೊಂಡು ಕೂರಬಹುದಿತ್ತು. ಇದು ಫೇಲ್ ಆದವರಿಗೆ ಇಡುವ ಸ್ಪೆಷಲ್ ಕ್ಲಾಸ್ ಅಲ್ಲ.

ಕೊನೆಯ ಮಾತನ್ನು ಸುಮ್ನೆ ಹೇಳಿಲ್ಲ. ಹೋದ ವರ್ಷ ತಿಪಟೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಎರಡನೇ ಪಂಕ್ತಿಯಲ್ಲಿ ಕೂತಿದ್ದೆ. ಎದುರು ಸಾಲಿನಲ್ಲಿ ದೊಡ್ಡಪ್ಪ. ದೊಡ್ಡಪ್ಪನದು ಕೊಬ್ಬರಿ ವ್ಯಾಪಾರ, ಮಂಡಿಯಲ್ಲಿ ಕೂಗಿ ಕೂಗಿ ಬೆಳೆದ ಗಂಟಲು. ಕೋಸಂಬರಿ ಬಡಿಸುತ್ತಿದ್ದಾಗ ಆ ಗಂಟಲಲ್ಲೇ ಕೇಳಿದರು: "ಏನಮ್ಮ, ಇನ್ನೂ ಓದ್ತಾನೇ ಇದ್ದೀಯಂತೆ? ಎಷ್ಟು ಸಬ್ಜೆಕ್ಟ್ ಉಳ್ಕೊಂಡಿದೆ?"

ಇಡೀ ಸಾಲು ತಲೆ ಎತ್ತಿತು. ಬಡಿಸುವ ಹುಡುಗ ಕೂಡ ಸೌಟು ಹಿಡಿದು ನಿಂತ.

"ಯಾವ್ದೂ ಉಳಿದಿಲ್ಲ ದೊಡ್ಡಪ್ಪ. ಎಲ್ಲ ಪಾಸಾಗಿದೆ. ಇದು ಅದರ ಮೇಲಿಂದು."

"ಅದರ ಮೇಲೂ ಐತಾ?" ಅಂದರು. ಆಮೇಲೆ ಪಕ್ಕದವರ ಕಡೆ ತಿರುಗಿ, "ಇವಳು ಮೆಡಿಕಲ್ ಸೇರಿದ ವರ್ಷ ತೋಟದಲ್ಲಿ ಎರಡು ಸಾಲು ಸಸಿ ಇಟ್ಟಿದ್ದೆ. ಅವು ಬೆಳೆದು, ಕಾಯಿ ಬಿಟ್ಟು, ಕೊಬ್ಬರಿ ಆಗಿ, ಮಾರಿ, ದುಡ್ಡೂ ಖರ್ಚಾಯ್ತು. ಇವಳು ಇನ್ನೂ ಓದ್ತಾವ್ಳೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡೋದು. ತಿಪಟೂರಿನ ಉದ್ದ ತಳಿ ತೆಂಗು ಫಸಲಿಗೆ ಬರಲು ಆರೇಳು ವರ್ಷ ಬೇಕು. ಅಂದರೆ ದೊಡ್ಡಪ್ಪನ ಲೆಕ್ಕದಲ್ಲಿ ತಪ್ಪಿಲ್ಲ. ಅದೇ ಜಾಸ್ತಿ ಉರಿಸಿದ್ದು.

ಪ್ರಶ್ನೆಗಿಂತ ಆ 'ಇನ್ನೂ' ನನಗೆ ಆಗಿಬರುವುದಿಲ್ಲ. ಎಂಟು ಗಂಟೆಯಾದರೂ ಹಾಸಿಗೆಯಲ್ಲಿ ಬಿದ್ದವರಿಗೆ 'ಇನ್ನೂ ಎದ್ದಿಲ್ವಾ' ಅನ್ನುತ್ತಾರಲ್ಲ, ಅದೇ ರಾಗ. ವಕೀಲರು ಮೂವತ್ತು ವರ್ಷ ಕೋರ್ಟಿಗೆ ಓಡಾಡಿದರೆ 'ಇನ್ನೂ ಪ್ರಾಕ್ಟೀಸ್ ಮಾಡ್ತಾ ಇದ್ದೀರಾ, ಯಾವಾಗ ಪಕ್ಕಾ ಆಗೋದು' ಅಂತ ಯಾರಾದರೂ ಕೇಳುತ್ತಾರಾ?

ಫೆಲೋ ಅನ್ನುವ ಹೆಸರಿನಿಂದಲೂ ಉಪಕಾರ ಆಗಿಲ್ಲ. ನಮ್ಮ ಕಡೆ ಆ ಪದದ ಹಿಂದೆ ಯಾವಾಗಲೂ ಒಂದು 'ಯೂಸ್‌ಲೆಸ್' ಇದ್ದೇ ಇರುತ್ತದೆ.

ಇದೇ ಪ್ರಶ್ನೆಯ ತಂಗಿಯೊಂದಿದೆ: "ಮಕ್ಕಳ ಆಪರೇಷನ್ ತಾನೇ? ಸಣ್ಣ ಸಣ್ಣದಲ್ವಾ?" ಸಣ್ಣದೇ. ಎರಡೂವರೆ ಕೆಜಿ ಮಗುವಿನ ಮೈಯಲ್ಲಿ ಇರುವ ರಕ್ತವೆಲ್ಲ ಸೇರಿದರೆ ಸುಮಾರು 200 ಎಂಎಲ್. ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ ಇದೆಯಲ್ಲ, ಅದರ ಅರ್ಧವೂ ಇಲ್ಲ. ದೊಡ್ಡವರ ಆಪರೇಷನ್ನಿನಲ್ಲಿ ಗಮನಕ್ಕೇ ಬಾರದಷ್ಟು ರಕ್ತ ಹೋದರೆ ಇಲ್ಲಿ ಅನಸ್ತೇಷಿಯಾ ಡಾಕ್ಟರ್ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ನೆಂದ ಬಟ್ಟೆತುಂಡುಗಳನ್ನು ತಕ್ಕಡಿಗೆ ಹಾಕಿ ತೂಗುತ್ತೇವೆ. ಮಗುವಿನ ಮೈ ಬೇಗ ತಣ್ಣಗಾಗುತ್ತದೆ ಅಂತ ಥಿಯೇಟರಿನ ಎಸಿ ಆಫ್. ಚೆನ್ನೈನ ಮೇ ತಿಂಗಳಲ್ಲಿ, ಮೈತುಂಬ ಗೌನ್ ಹಾಕಿಕೊಂಡು, ಎಸಿ ಇಲ್ಲದೆ ಎಂಟು ಗಂಟೆ ನಿಂತು ನೋಡಿ. ಆಮೇಲೆ ಸಣ್ಣದು ಅನ್ನಿ.

ಸರಿ, ಫೆಲೋಶಿಪ್ ಯಾಕೆ? ಎಂಸಿಎಚ್‌ನ ಮೂರು ವರ್ಷದಲ್ಲಿ ಎಲ್ಲವನ್ನೂ ಕಲಿಸುತ್ತಾರೆ. ಹರ್ನಿಯಾ ಎಷ್ಟು ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ, ನಿದ್ದೆಗಣ್ಣಲ್ಲೂ ಮಾಡುತ್ತೇನೆ. ಆದರೆ ಕೆಲವು ಕಾಯಿಲೆ ಬರುವುದೇ ಅಪರೂಪ. ಬೈಲಿಯರಿ ಅಟ್ರೀಸಿಯಾ ಅಂತ ಒಂದಿದೆ. ಲಿವರ್‌ನಿಂದ ಕರುಳಿಗೆ ಪಿತ್ತ ಸಾಗಿಸುವ ನಾಳ ಹುಟ್ಟಿದ ಹೊಸತರಲ್ಲೇ ಮುಚ್ಚಿಹೋಗಿರುತ್ತದೆ. ಪಿತ್ತ ಒಳಗೇ ನಿಂತು ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಹತ್ತು ಹದಿನೈದು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಏನೂ ಮಾಡದೆ ಬಿಟ್ಟರೆ ಬಹುಪಾಲು ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಇದಕ್ಕೆ ಮಾಡುವ ಆಪರೇಷನ್ ಹೆಸರು ಕಸಾಯಿ. ಜಪಾನಿನ ಸೆಂಡೈ ಊರಿನ ಡಾ. ಮೊರಿಯೊ ಕಸಾಯಿ 1950ರ ದಶಕದಲ್ಲಿ ಕಂಡುಹಿಡಿದು 1959ರಲ್ಲಿ ಪ್ರಕಟಿಸಿದ್ದು. ಕನ್ನಡದಲ್ಲಿ ಕಸಾಯಿ ಅಂದರೆ ಏನು ಅಂತ ನಿಮಗೆ ಗೊತ್ತು. "ಮಗುವಿಗೆ ಕಸಾಯಿ ಮಾಡಬೇಕು" ಅಂತ ನಾನು ಒಬ್ಬ ಅಜ್ಜಿಗೆ ಹೇಳಿಬಿಟ್ಟಿದ್ದೆ. ಅಜ್ಜಿ ಮಗುವನ್ನು ಸೆರಗಲ್ಲಿ ಸುತ್ತಿಕೊಂಡು ಬಾಗಿಲ ಕಡೆ ನಡೆದೇಬಿಟ್ಟರು. ಆವತ್ತಿನಿಂದ 'ಜಪಾನಿನ ಆಪರೇಷನ್' ಅನ್ನುತ್ತೇನೆ.

ಮುಚ್ಚಿಹೋದ ನಾಳವನ್ನು ತೆಗೆದು, ಲಿವರ್‌ನ ಬಾಗಿಲಲ್ಲಿರುವ ನಾರಿನಂಥ ಗಂಟನ್ನು ಕತ್ತರಿಸಿ, ಆ ಜಾಗಕ್ಕೆ ಕರುಳನ್ನೇ ತಂದು ಹೊಲಿಯುವುದು. ಎಷ್ಟು ಆಳಕ್ಕೆ ಕತ್ತರಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಮೇಲೆ ಮೇಲೆ ಕತ್ತರಿಸಿದರೆ ಪಿತ್ತ ಬರುವುದಿಲ್ಲ. ಆಳಕ್ಕೆ ಹೋದರೆ ಲಿವರ್‌ಗೇ ಗಾಯ, ಆ ಗಾಯ ಒಣಗುವಾಗ ಮತ್ತೆ ಎಲ್ಲ ಮುಚ್ಚಿಕೊಳ್ಳುತ್ತದೆ. ಇದನ್ನು ಪುಸ್ತಕದಲ್ಲಿ ಓದಬಹುದು, ಚಿತ್ರ ನೋಡಬಹುದು. ಆದರೆ ಕತ್ತರಿಯ ತುದಿಗೆ ಆ ನಾರು ಸಿಗುವ ಗಟ್ಟಿತನ ಇದೆಯಲ್ಲ, ಅದು ಕೈಗೆ ಬರಬೇಕು. ಎಂಸಿಎಚ್‌ನ ಮೂರು ವರ್ಷದಲ್ಲಿ ನಾನು ಸ್ಕ್ರಬ್ ಆಗಿ, ಅಂದರೆ ಕೈ ತೊಳೆದು ಗೌನ್ ತೊಟ್ಟು, ಟೇಬಲ್ ಪಕ್ಕ ನಿಂತ ಕಸಾಯಿ ಏಳು. ನನ್ನ ಕೈಯಲ್ಲಿ ಆದದ್ದು ಒಂದು. ಅದರಲ್ಲೂ ನಮ್ಮ ಮೇಡಂ ಕೈ ನನ್ನ ಕೈ ಮೇಲೇ ಇತ್ತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1999ರಲ್ಲಿ ಒಂದು ಕೆಲಸ ಮಾಡಿದರು. ಯಾರು ಬೇಕಾದರೂ ವರ್ಷಕ್ಕೊಂದು ಕಸಾಯಿ ಮಾಡುವುದು ಬೇಡ ಅಂತ ಎಲ್ಲ ಮಕ್ಕಳನ್ನೂ ಮೂರೇ ಕಡೆಗೆ ಕಳಿಸಿದರು: ಲಂಡನ್, ಬರ್ಮಿಂಗ್‌ಹ್ಯಾಮ್, ಲೀಡ್ಸ್. ನಮ್ಮಲ್ಲಿ ಹಾಗೆ ಹಂಚಿಲ್ಲ. ಹಾಗಾಗಿ ಇಂಥ ಮಕ್ಕಳು ಹೆಚ್ಚು ಬರುವ ಕಡೆ ನಾನೇ ಗಂಟುಮೂಟೆ ಕಟ್ಟಿಕೊಂಡು ಹೋದೆ.

ಇಲ್ಲಿ ಬಂದು ಮೊದಲ ಆರು ತಿಂಗಳು ಮಾಡಿದ್ದು ರಿಟ್ರಾಕ್ಟರ್ ಹಿಡಿಯುವ ಕೆಲಸ, ಅಂದರೆ ಬೇರೆಯವರು ಆಪರೇಷನ್ ಮಾಡುವಾಗ ಗಾಯದ ಅಂಚು ಸರಿಸಿ ಹಿಡಿದು ನಿಲ್ಲುವುದು. ಎಂಸಿಎಚ್ ಮುಗಿಸಿದವಳು ಮತ್ತೆ ಹೌಸ್ ಸರ್ಜನ್ ಆದ ಹಾಗೆ. ಪಕ್ಕದ ಥಿಯೇಟರಿನಲ್ಲಿ ಅಪ್ಪನದೋ ಅಮ್ಮನದೋ ಲಿವರ್‌ನ ಎಡಭಾಗದ ಒಂದು ತುಂಡು ತೆಗೆಯುತ್ತಾರೆ, ಕಾಲು ಕೆಜಿ ಆಸುಪಾಸು. ಅದು ಐಸಿನಲ್ಲಿ ಕೂತು ನಮ್ಮ ಕಡೆ ಬರುತ್ತದೆ. ಮಗುವಿನ ಹೊಟ್ಟೆಗೆ ಅದೂ ದೊಡ್ಡದೇ. ಕೆಲವು ಸಲ ಹೊಟ್ಟೆ ಮುಚ್ಚುವುದಕ್ಕೇ ಆಗದೆ ಬರೀ ಚರ್ಮ ಹೊಲಿದು ಬಿಡುತ್ತೇವೆ. ಲಿವರ್‌ಗೆ ರಕ್ತ ಕೊಡುವ ಧಮನಿ ಎರಡು ಮೂರು ಮಿಲಿಮೀಟರ್ ದಪ್ಪ, ಅದನ್ನು ಹೊಲಿಯುವ ದಾರ ಕೂದಲಿಗಿಂತ ತೆಳು. ಭೂತಗನ್ನಡಿ ಕಣ್ಣಿಗೆ ಕಟ್ಟಿಕೊಂಡರೂ ಮೊದಲ ದಿನ ದಾರ ಎಲ್ಲಿದೆ ಅಂತ ಹುಡುಕುತ್ತಿದ್ದೆ.

ಆ ಹೊಲಿಗೆ ಅಭ್ಯಾಸ ಮಾಡುವುದು ಕೋಳಿ ಕಾಲಿನ ಮೇಲೆ. ತೊಡೆಯೊಳಗೆ ಒಂದು ರಕ್ತನಾಳ ಇದೆ, ಹೆಚ್ಚುಕಮ್ಮಿ ಅದೇ ಅಳತೆ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಅಮ್ಮ ಚೆನ್ನೈಗೆ ಬಂದವರು ಮೊಸರು ತೆಗೆಯಲು ಫ್ರಿಜ್ ಬಾಗಿಲು ತೆರೆದರು.

"ಏನೇ ಇದು?"

"ತಿನ್ನೋಕಲ್ಲ ಅಮ್ಮ. ಹೊಲಿಯೋಕೆ."

"ಹೊಲಿಯೋಕೆ ಬಟ್ಟೆ ಇರ್ಲಿಲ್ವಾ?"

ಅಮ್ಮ ಇದ್ದ ನಾಲ್ಕು ದಿನವೂ ಊಟ ಹೋಟೆಲಿನಿಂದ ಬಂತು.

ಸಂಬಳ ಎಷ್ಟು ಅಂತಲೂ ಕೇಳುತ್ತೀರಿ. ಹೇಳುವುದಿಲ್ಲ. ನನ್ನ ಬ್ಯಾಚಿನವನೊಬ್ಬ ಪಿತ್ತಕೋಶ ತೆಗೆದು ತೆಗೆದೇ ಮನೆ ಕಟ್ಟಿಸಿದ. ಹೊಟ್ಟೆಕಿಚ್ಚಾ? ಸ್ವಲ್ಪ ಇದೆ. ಗೃಹಪ್ರವೇಶಕ್ಕೆ ಹೋಗಿದ್ದೆ, ಬಾತ್‌ರೂಮ್ ನನ್ನ ರೂಮಿಗಿಂತ ದೊಡ್ಡದಿತ್ತು.

ಇಷ್ಟೆಲ್ಲ ಹೇಳಿಯೂ ನಿಜವಾದ ಕಾರಣ ಹೇಳಿಲ್ಲ. ಎಂಸಿಎಚ್ ಕೊನೇ ವರ್ಷದಲ್ಲಿ ಒಂದು ಮಗು ಬಂತು. ಬಂದಾಗ 104 ದಿನ. ಗುಂಡುಗುಂಡಾಗಿತ್ತು, ನಗುತ್ತಿತ್ತು, ಕಣ್ಣು ಮಾತ್ರ ಹಳದಿ. ಹದಿನೈದನೇ ದಿನಕ್ಕೇ ಒಬ್ಬ ಡಾಕ್ಟರಿಗೆ ತೋರಿಸಿದ್ದರು. ಬೆಳಗಿನ ಬಿಸಿಲಿಗೆ ಹಿಡಿಯಿರಿ, ಹೋಗುತ್ತೆ ಅಂದಿದ್ದರಂತೆ. ಹಿಡಿದರು. ಆಮೇಲೆ ಕಾಮಾಲೆಗೆ ಸೊಪ್ಪಿನ ರಸ ಹಾಕಿಸಿದರು, ಮೂರು ಭಾನುವಾರ. ಮಗುವಿನ ಬಟ್ಟೆ ಒಗೆಯುತ್ತಿದ್ದ ಅಜ್ಜಿಗೆ ಕಕ್ಕ ಬೆಳ್ಳಗಿದೆ ಅಂತ ಗೊತ್ತಿತ್ತು. ಹಾಲು ಮಾತ್ರ ಕುಡಿಯುವ ಮಗು, ಬೆಳ್ಳಗೇ ಇರುತ್ತೆ ಅಂದುಕೊಂಡಿದ್ದರು. ಯಾರೂ ಅವರನ್ನು ಕೇಳಲೂ ಇಲ್ಲ.

ಹೊಟ್ಟೆ ತೆರೆದಾಗ ಲಿವರ್ ಹಸಿರಾಗಿ, ಗಂಟುಗಂಟಾಗಿ, ಕಲ್ಲಿನ ಹಾಗಿತ್ತು. ನಾನು ಹೇಳಿದ ಆ ಒಂದು ಕಸಾಯಿ ಇದೇ. ಪಿತ್ತ ಹರಿಯಲಿಲ್ಲ. ಇನ್ನು ಉಳಿದದ್ದು ಕಸಿ ಒಂದೇ, ಅದು ಆ ಮನೆಯವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಮಗುವಿನ ಮೊದಲ ಹುಟ್ಟುಹಬ್ಬ ಆಗಲಿಲ್ಲ. ತಡವಾಗಿ ಬಂದದ್ದಕ್ಕೆ ಹಾಗಾಯಿತು ಅಂತ ಮೇಡಂ ಹೇಳಿದರು. ಹೌದು. ಆದರೆ ನನ್ನ ಕತ್ತರಿ ಒಂದು ಮಿಲಿಮೀಟರ್ ಮೇಲೆ ಹೋಯಿತಾ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಗೊತ್ತಾಗುವಷ್ಟು ಕಸಾಯಿ ನಾನು ಮಾಡಿರಲಿಲ್ಲ.

ಹಾಗಾಗಿ ನನ್ನನ್ನು ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ಎಳೆಮಗುವಿನ ಕಕ್ಕ ಯಾವ ಬಣ್ಣ ಇರಬೇಕು? ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ. ಸಾಸಿವೆ ಬಣ್ಣ, ಅರಿಶಿನ ಬಣ್ಣ, ಹಸಿರು, ಎಲ್ಲ ಸರಿ. ಕಕ್ಕಕ್ಕೆ ಬಣ್ಣ ಕೊಡುವುದೇ ಪಿತ್ತ; ಸುಣ್ಣ, ವಿಭೂತಿ, ಬಿಳಿ ಜೇಡಿಮಣ್ಣಿನ ಹಾಗಿದ್ದರೆ ಆವತ್ತೇ ಆಸ್ಪತ್ರೆಗೆ ಹೊರಡಿ. ಉಚ್ಚೆ ಬಟ್ಟೆಗೆ ಹಳದಿ ಕಲೆ ಹಾಕುತ್ತಿದ್ದರೂ ಅಷ್ಟೇ. ಹುಟ್ಟಿದ ಹೊಸತರ ಹಳದಿ ಎರಡು ವಾರ ದಾಟಿಯೂ ಉಳಿದರೆ ರಕ್ತ ಪರೀಕ್ಷೆ ಮಾಡಿಸಿ, 'ಡೈರೆಕ್ಟ್ ಬಿಲಿರುಬಿನ್ ಎಷ್ಟು' ಅಂತ ಬಾಯಿಬಿಟ್ಟು ಕೇಳಿ (ಪಿತ್ತದ ದಾರಿ ಕಟ್ಟಿದರೆ ರಕ್ತದಲ್ಲಿ ಏರುವ ಹಳದಿ ಅದು). ಬಿಸಿಲಿಗೆ ಈ ಕಾಯಿಲೆ ಹೋಗುವುದಿಲ್ಲ. 60 ದಿನದೊಳಗೆ ಆಪರೇಷನ್ ಆದರೆ ಪಿತ್ತ ಹರಿಯುವ ಸಾಧ್ಯತೆ ಜಾಸ್ತಿ. ತೈವಾನಿನಲ್ಲಿ 2004ರಿಂದ ಪ್ರತಿ ತಾಯಿಗೂ ಕಕ್ಕದ ಬಣ್ಣಗಳ ಚಿತ್ರ ಇರುವ ಕಾರ್ಡ್ ಕೊಡುತ್ತಾರೆ. ಜಪಾನಿನಲ್ಲಿ 2012ರಿಂದ ತಾಯಿ-ಮಗುವಿನ ಪುಸ್ತಕದಲ್ಲೇ ಅಚ್ಚು ಹಾಕುತ್ತಾರೆ. ನಮ್ಮ ತಾಯಿ ಕಾರ್ಡಿನ ರಟ್ಟಿನ ಮೇಲೆ ಅದನ್ನು ದೊಡ್ಡದಾಗಿ ಅಂಟಿಸಬೇಕು ಅಂತ ನನಗೊಂದು ಹುಚ್ಚು.

ಕಸಾಯಿ ಆದ ಮೇಲೂ ಎಷ್ಟೋ ಮಕ್ಕಳಿಗೆ ಮುಂದೆ ಕಸಿ ಬೇಕಾಗುತ್ತದೆ. ಪ್ರಪಂಚದ ಮೊದಲ ಲಿವರ್ ಕಸಿ 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದದ್ದು ಇದೇ ಕಾಯಿಲೆಯ ಮೂರು ವರ್ಷದ ಮಗುವಿಗೆ. ಆ ಮಗು ಟೇಬಲ್ ಮೇಲೇ ಹೋಯಿತು. ನಮ್ಮ ದೇಶದಲ್ಲಿ ಮಗುವಿಗೆ ಮೊದಲು ಯಶಸ್ವಿಯಾಗಿ ಕಸಿ ಆದದ್ದು 1998ರಲ್ಲಿ, ದೆಹಲಿಯಲ್ಲಿ. ಅದೂ ಇದೇ ಕಾಯಿಲೆ, ಎರಡು ವರ್ಷ ತುಂಬದ ಗಂಡುಮಗು, ಲಿವರ್ ಕೊಟ್ಟದ್ದು ಅಪ್ಪ. ಆ ಹುಡುಗ ಬೆಳೆದು ಡಾಕ್ಟರ್ ಆಗಿದ್ದಾನೆ. ಅವನನ್ನೂ ಯಾವುದೋ ಮದುವೆಮನೆಯಲ್ಲಿ ಯಾರೋ 'ಇನ್ನೂ ಓದ್ತಾ ಇದ್ದೀಯಾ' ಅಂತ ಕೇಳಿಯೇ ಇರುತ್ತಾರೆ.

ತಿಪಟೂರಿನ ಪಂಕ್ತಿ ಅರ್ಧಕ್ಕೇ ನಿಂತಿತು, ಅಲ್ವಾ. ದೊಡ್ಡಪ್ಪನ ಪಕ್ಕದಲ್ಲಿ ಅವರ ಸೊಸೆ ಕೂತಿದ್ದಳು, ತೊಡೆ ಮೇಲೆ ಎರಡು ತಿಂಗಳ ಕೂಸು. ಒಬ್ಬಟ್ಟು ಬಂತು, ಮೇಲೆ ತುಪ್ಪ ಬಿತ್ತು. ಎಲ್ಲರೂ ಮುರಿದು ಬಾಯಿಗಿಡುವ ಹೊತ್ತಿಗೆ ನಾನು, ದೊಡ್ಡಪ್ಪನದೇ ಗಂಟಲಲ್ಲಿ, ಕೇಳಿದೆ: "ಮಗು ಕಕ್ಕ ಯಾವ ಬಣ್ಣ ಹೋಗ್ತಾ ಇದೆ?"

ದೊಡ್ಡಪ್ಪನ ಕೈ ಅಲ್ಲೇ ನಿಂತಿತು. ಸೊಸೆ ತನ್ನ ಎಲೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಹೂರಣದ ಬಣ್ಣ ಅಕ್ಕ" ಅಂದಳು.

"ಹಂಗಾದ್ರೆ ಸರಿ," ಅಂದೆ. ದೊಡ್ಡಪ್ಪ ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿ ಅನ್ನ ಹಾಕಿಸಿಕೊಂಡರು.

ಹೋದ ತಿಂಗಳು ಮಗಳ ಕಡೆಯಿಂದಲೂ ಅವರಿಗೊಂದು ಮೊಮ್ಮಗು ಹುಟ್ಟಿತು. ಮೊನ್ನೆ ಬೆಳಗ್ಗೆ ಐದೂವರೆಗೆ ದೊಡ್ಡಪ್ಪನಿಂದ ವಾಟ್ಸಾಪ್. ಒಂದು ಫೋಟೋ, ಚೆನ್ನಾಗಿ ಬೆಳಕು ಬಿಟ್ಟು ತೆಗೆದದ್ದು, ಮಗುವಿನ ಬಟ್ಟೆಯದು. ಕೆಳಗೆ 'ಈ ಬಣ್ಣ ನಡೀತದಾ?' ಅದರ ಕೆಳಗೆ ಇನ್ನೊಂದು ಮೆಸೇಜು: 'ಕೋರ್ಸು ಮುಗೀತಾ?'

ಮೊದಲನೆಯದಕ್ಕೆ ಆಗಲೇ ಉತ್ತರ ಕೊಟ್ಟೆ. ಎರಡನೆಯದಕ್ಕೆ ಇದರ ಲಿಂಕ್ ಕಳಿಸುತ್ತೇನೆ.