ಅರ್ಧ ಬೆಳ್ಳಗೇ ಉಳಿದ ಫಿಲ್ಟರ್

ಮೈಸೂರಿನ ಒಂದು ರಕ್ತನಿಧಿಯಲ್ಲಿ ನಾನು ಟೆಕ್ನಿಷಿಯನ್. ಊರು ಮದ್ದೂರಿನ ಹತ್ತಿರ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಮಾಡಿದ ತಪ್ಪೊಂದನ್ನು ಹೊಸ ಹುಡುಗರು ಈಗಲೂ ಮಾಡುವುದು ನೋಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಥಲಸ್ಸೀಮಿಯಾ, ಅಂದರೆ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ, ಇರುವ ಮಗುವೊಂದಕ್ಕೆ ಕೆಂಪುಕಣದ ಚೀಲ ಬೇಕಿತ್ತು. ಆ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಲೇಬೇಕು. ದಾನಿಯ ಬಿಳಿಕಣಗಳೂ ಜೊತೆಗೆ ಹೋದರೆ ಚಳಿಜ್ವರ ಬರಬಹುದು. ಪದೇ ಪದೇ ಹೋದರೆ ದೇಹ ಅವುಗಳ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತದೆ. ಹಾಗಾಗಿ ಫಿಲ್ಟರ್ ಮಾಡಿಯೇ ಕೊಡುತ್ತೇವೆ. ವಾರ್ಡಿನ ಸಿಸ್ಟರ್ ಆಗಲೇ ಎರಡು ಸಲ ಫೋನ್ ಮಾಡಿದ್ದರು. "ಇನ್ನೂ ಎಷ್ಟೊತ್ತು ಸಾರ್?"

ಚೀಲ ನೇತುಹಾಕಿ ಕ್ಲಾಂಪ್ ಒಂದೇ ಸಲಕ್ಕೆ ತೆಗೆದುಬಿಟ್ಟೆ. ಹನಿ ನಿಧಾನ ಅನ್ನಿಸಿತು. ಎರಡೂ ಕೈಯಲ್ಲಿ ಚೀಲ ಒತ್ತಿದೆ, ಸರಸರ ಇಳಿಯಿತು. ಭಲೇ ಅಂದುಕೊಂಡೆ.

ಹಿಂದೆ ನಮ್ಮ ಹಿರಿಯ ಟೆಕ್ನಿಷಿಯನ್ ನಿಂತಿದ್ದರು. ಅವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುವುದು, ಅವರೂ ನಮ್ಮ ಕಡೆಯವರೇ. "ಏನ್ಲಾ, ಕಬ್ಬು ಅರೀತಿದ್ದೀಯ?" ಅಂದು ಫಿಲ್ಟರಿನ ಡಬ್ಬಿ ತೋರಿಸಿದರು. ಒಂದು ಬದಿ ಕಡುಗೆಂಪು. ಇನ್ನೊಂದು ಬದಿ, ಹೆಚ್ಚುಕಮ್ಮಿ ಅರ್ಧ, ಹೊಸ ಹತ್ತಿಯ ಹಾಗೆ ಬೆಳ್ಳಗೆ. ಒಳಗೆ ಗಾಳಿ ಸಿಕ್ಕಿಕೊಂಡು ರಕ್ತವೆಲ್ಲ ಒಂದೇ ಮಗ್ಗುಲಲ್ಲಿ ನುಗ್ಗಿತ್ತು.

"ಎಣಿಸು" ಅಂದರು. ಫಿಲ್ಟರ್ ಆದ ರಕ್ತದಲ್ಲಿ ಬಿಳಿಕಣ ಎಷ್ಟು ವಿರಳ ಅಂದರೆ ದಿನನಿತ್ಯದ ಎಣಿಕೆ ಚೇಂಬರ್ ಸಾಲದು. 50 ಮೈಕ್ರೊಲೀಟರ್ ಹಿಡಿಯುವ ನಜೋಟ್ ಚೇಂಬರ್ ಬೇಕು. ಐದು ಪಟ್ಟು ತೆಳುಮಾಡಿ ಎಣಿಸಿದಾಗ 310 ಸಿಕ್ಕವು. 250 ಮಿಲಿ ಚೀಲಕ್ಕೆ ಲೆಕ್ಕ ಹಾಕಿದರೆ 77 ಲಕ್ಷದ ಮೇಲೆ. ನಮ್ಮ ಮಿತಿ 50 ಲಕ್ಷ, ಯೂರೋಪಿನಲ್ಲಿ 10 ಲಕ್ಷ. ಫಿಲ್ಟರಿಗೆ ಮುಂಚೆ ಒಂದು ಚೀಲದಲ್ಲಿ ನೂರು ಕೋಟಿಯ ಆಸುಪಾಸು ಇರುತ್ತವೆ ಎಂಬುದನ್ನು ನೆನೆದರೆ 77 ಲಕ್ಷ ಜುಜುಬಿ ಅನ್ನಿಸಬಹುದು. ಆದರೆ ಆ ಚೀಲಕ್ಕೆ ಬಿಳಿಕಣ ತೆಗೆದದ್ದು ಎಂಬ ಲೇಬಲ್ ಅಂಟಿಸುವ ಹಾಗಿರಲಿಲ್ಲ.

ಅಲ್ಲಿಯವರೆಗೂ ನಾನು ಫಿಲ್ಟರ್ ಅಂದರೆ ಟೀ ಸೋಸುವ ಜರಡಿ ಅಂದುಕೊಂಡಿದ್ದೆ. ಮಾರನೆಯ ದಿನ ಅಣ್ಣ ಅವಧಿ ಮುಗಿದ, ಬಳಸದ ಫಿಲ್ಟರೊಂದನ್ನು ಕತ್ತರಿಸಿ ಒಳಗಿನ ಪದರ ಮೇಜಿನ ಮೇಲಿಟ್ಟರು. ಪಕ್ಕಕ್ಕೆ ಮದುವೆ ಮನೆಯಲ್ಲಿ ತಾಂಬೂಲ ಹಾಕಿಕೊಡುತ್ತಾರಲ್ಲ, ಆ ನಾನ್‌ವೋವನ್ ಚೀಲದ ತುಂಡು. ಎರಡಕ್ಕೂ ಒಂದೊಂದು ಹನಿ ನೀರು. ಚೀಲದ ಮೇಲೆ ಹನಿ ಕೆಸುವಿನ ಎಲೆ ಮೇಲಿದ್ದಂತೆ ಗುಂಡಗೆ ನಿಂತಿತು. ಫಿಲ್ಟರಿನ ಮೇಲೆ ಬಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಇಂಗಿತು.

ಎರಡೂ ಪ್ಲಾಸ್ಟಿಕ್ ಎಳೆಗಳೇ. ತಾಂಬೂಲದ ಚೀಲ ಪಾಲಿಪ್ರೊಪಿಲೀನ್, ಫಿಲ್ಟರ್ ಪಾಲಿಯೆಸ್ಟರ್, ಅದರ ಎಳೆಯ ದಪ್ಪ ಎರಡು ಮೂರು ಮೈಕ್ರಾನ್. ಪಾಲಿಯೆಸ್ಟರಿಗೂ ಹುಟ್ಟಾ ನೀರೆಂದರೆ ಅಷ್ಟಕ್ಕಷ್ಟೇ. ಹಾಗಾಗಿ ಎಳೆಯ ಮೈಗೆ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟಿನಂಥ ನೀರುಪ್ರಿಯ ವಸ್ತುವನ್ನು ಗಾಮಾ ಕಿರಣದಿಂದ ಕಸಿ ಕಟ್ಟುವುದುಂಟು, ಲೇಪಿಸುವುದೂ ಉಂಟು. ಆಗ ರಕ್ತ ಎಳೆ ಎಳೆಗೂ ಹರಡುತ್ತದೆ. ಬಿಳಿಕಣಗಳು ಗಾತ್ರದಿಂದ ಮಾತ್ರ ಸಿಕ್ಕುವುದಲ್ಲ, ಬಹಳಷ್ಟು ಆ ಮೈಗೆ ಅಂಟಿಕೊಂಡೇ ಉಳಿಯುತ್ತವೆ. ಅಂಟಲು ಒದ್ದೆ ಮೈ ಬೇಕು, ಪುರಸೊತ್ತೂ ಬೇಕು. ನಾನು ಎರಡನ್ನೂ ಕೊಟ್ಟಿರಲಿಲ್ಲ. ಈ ಅಂಟುವ ಗುಣ ಹಳೆಯ ಸಂಗತಿಯೇ. ಪೆನ್ಸಿಲಿನ್ ಖ್ಯಾತಿಯ ಫ್ಲೆಮಿಂಗ್ 1926ರಲ್ಲೇ ಹತ್ತಿ ತುರುಕಿ ರಕ್ತದಿಂದ ಬಿಳಿಕಣ ತೆಗೆದಿದ್ದರು.

ಹಾಗಂತ ಎಲ್ಲ ನಿಧಾನವೂ ಒಳ್ಳೆಯದಲ್ಲ. ಸಿಕಲ್ ಲಕ್ಷಣ, ಅಂದರೆ ಕೆಂಪುಕಣ ಕುಡುಗೋಲಿನ ಆಕಾರಕ್ಕೆ ತಿರುಗಬಹುದಾದ ಆನುವಂಶಿಕ ಗುಣ, ಇರುವ ದಾನಿಯ ರಕ್ತ ಫಿಲ್ಟರಿನಲ್ಲೇ ಕಟ್ಟಿಕೊಂಡುಬಿಡಬಹುದು. ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಅದು ಇದೆ. ಹಾಗೆ ಕಟ್ಟಿಕೊಂಡರೆ ಚೀಲ ಹಿಂಡುವುದಲ್ಲ, ಆ ರಕ್ತವನ್ನು ಸಿಕಲ್ ಪರೀಕ್ಷೆಗೆ ಕಳಿಸಬೇಕು.

ಆ ಮಗುವಿಗೆ ಅವತ್ತೇ ಬೇರೆ ಚೀಲ ತೆಗೆದೆ. ಕ್ಲಾಂಪ್ ಸ್ವಲ್ಪವೇ ಸಡಿಲಿಸಿ, ಡಬ್ಬಿ ಪೂರ್ತಿ ಕೆಂಪಾಗುವ ತನಕ ನೋಡುತ್ತಾ ನಿಂತೆ. ಕೈ ಎರಡನ್ನೂ ಕೋಟಿನ ಜೇಬಿಗೆ ಹಾಕಿಕೊಂಡಿದ್ದೆ. ಫೋನ್ ಇನ್ನೂ ಮೂರು ಸಲ ಬಡಕೊಂಡಿತು. ಎಣಿಸಿದಾಗ 14, ಅಂದರೆ ಚೀಲಕ್ಕೆ ಮೂರೂವರೆ ಲಕ್ಷ. ವಾರ್ಡಿನ ಸಿಸ್ಟರ್ ಮಾತ್ರ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.