ಶಿಲುಬೆ ಹಬ್ಬದೊಳಗೆ ಮಾಳಿಗೆ ಖಾಲಿಯಾಗಬೇಕು

14 ಸೆಪ್ಟೆಂಬರ್ 2023, ಗುರುವಾರ

ಇಂದು ಶಿಲುಬೆ ಹಬ್ಬ. ಲೆಬನಾನಿನ ಕ್ರೈಸ್ತ ಹಳ್ಳಿಗಳಲ್ಲಿ ನಿನ್ನೆ ರಾತ್ರಿಯೇ ಗುಡ್ಡದ ನೆತ್ತಿಗಳಲ್ಲಿ ಬೆಂಕಿ ಹಾಕಿರುತ್ತಾರೆ. ಯೇಸುವಿನ ಶಿಲುಬೆ ಸಿಕ್ಕ ಸುದ್ದಿಯನ್ನು ರೋಮನ್ ಚಕ್ರವರ್ತಿಯ ತಾಯಿ ಸಂತ ಹೆಲೆನಾ ಜೆರುಸಲೇಮಿನಿಂದ ಕಾನ್‌ಸ್ಟಾಂಟಿನೋಪಲ್‌ಗೆ ಹೀಗೇ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚಿಸಿ ಮುಟ್ಟಿಸಿದಳು ಅಂತ ಐತಿಹ್ಯ. ಬೇಸಾಯದವರಿಗೆ ಈ ದಿನದ ಲೆಕ್ಕವೇ ಬೇರೆ. ಬೇಸಿಗೆಯುದ್ದಕ್ಕೂ ಹನಿ ಉದುರಿಸದ ಆಕಾಶವನ್ನು ಇನ್ನು ನಂಬುವಂತಿಲ್ಲ. ‘ಐಲೂಲಿನ ಬಾಲ ಮಳೆಯಲ್ಲಿ ಒದ್ದೆ’ ಅಂತ ಅಲ್ಲಿಯ ಗಾದೆ. ಐಲೂಲ್ ಅಂದರೆ ಸೆಪ್ಟೆಂಬರ್. ಹಬ್ಬದಿಂದ ಹನ್ನೆರಡು ದಿನ ಹವೆ ನೋಡಿ, ದಿನಕ್ಕೊಂದು ತಿಂಗಳಿನಂತೆ ಇಡೀ ವರ್ಷದ ಮಳೆ ಹೇಳುವ ಹಿರಿಯರೂ ಇದ್ದಾರೆ. ಆ ಭವಿಷ್ಯ ನಂಬಿ ಯಾರೂ ಕಿಶ್ಕನ್ನು, ಅಂದರೆ ಮೊಸರಿನಲ್ಲಿ ಹುಳಿ ಬರಿಸಿ ಒಣಗಿಸುವ ಗೋಧಿ ನುಚ್ಚನ್ನು, ರಾತ್ರಿ ಹೊರಗೆ ಬಿಟ್ಟು ಮಲಗುವುದಿಲ್ಲ ಅನ್ನುವುದು ಬೇರೆ ಮಾತು.

ಚಳಿಗಾಲದ ದಾಸ್ತಾನಿಗೆ ಅಲ್ಲಿ ಮೂನೆ ಅನ್ನುತ್ತಾರೆ. ಖಲೀಲ್ ಗಿಬ್ರಾನನ ಊರು ಬ್ಶರ್ರಿ ಇರುವುದು ಸುಮಾರು 1,450 ಮೀಟರ್ ಎತ್ತರದಲ್ಲಿ. ಅಂಥ ಊರುಗಳ ದಾರಿಯನ್ನು ಹಿಮ ಮುಚ್ಚಿತೆಂದರೆ ಮನೆಯೊಳಗೆ ಇದ್ದದ್ದೇ ಊಟ: ಬುರ್ಗುಲ್ (ಬೇಯಿಸಿ ಒಣಗಿಸಿದ ಗೋಧಿ ನುಚ್ಚು), ಕಿಶ್ಕ್, ಕೊಬ್ಬಿನಲ್ಲಿಟ್ಟ ಮಾಂಸ, ದ್ರಾಕ್ಷಿಯ ಕಾಕಂಬಿ, ಒಣ ಅಂಜೂರ, ಆಲಿವ್, ಝಾತರ್ ಎಂಬ ಒಣ ಸೊಪ್ಪಿನ ಪುಡಿ. ಮೂನೆ ಎಂದ ಕೂಡಲೇ ಎಲ್ಲರೂ ಉಗ್ರಾಣದ ಸಾಲು ಜಾಡಿಗಳ ಫೋಟೊ ಹಾಕುತ್ತಾರೆ. ನನ್ನ ಕೇಳಿದರೆ ನೋಡಬೇಕಾದದ್ದು ಮಾಳಿಗೆಯನ್ನು. ಈ ಹಳ್ಳಿಗಳ ಅರ್ಧ ಅಡುಗೆಮನೆ ಮಾಳಿಗೆ ಮೇಲೆಯೇ ಇತ್ತು.

ಹಳೆಯ ಮನೆಯ ಮಾಳಿಗೆ ಚಪ್ಪಟೆ, ಮಣ್ಣಿನದು. ದಪ್ಪ ತೊಲೆ, ಅದರ ಮೇಲೆ ಅಡ್ಡಕ್ಕೆ ಒತ್ತೊತ್ತಾಗಿ ಕೊಂಬೆ, ಅದರ ಮೇಲೆ ಮುಳ್ಳುಪೊದೆಯ ಹಾಸು, ಆಮೇಲೆ ಮಣ್ಣು, ಕೊನೆಗೆ ಹೊಟ್ಟು ಕಲಸಿದ ಜೇಡಿಯ ಮೆತ್ತು. ಮೂಲೆಯಲ್ಲಿ ಒಂದು ಕಲ್ಲುರುಳೆ ಬಿದ್ದಿರುತ್ತದೆ, ಹೆಸರು ಮಹ್ದಲೆ. ಎರಡೂ ತುದಿಯ ಕುಳಿಗಳಿಗೆ ಹಿಡಿಯ ಮೊಳೆ ಕೂರಿಸಿ ಎಳೆಯುವುದು. ಕೆಲವು ಕಡೆ ಹಳೆಯ ರೋಮನ್ ಕಂಬದ ತುಂಡೇ ಉರುಳೆಯಾಗಿದೆ. ಮಳೆ ಬಂದು ನಿಂತ ಮೇಲೆ ಉರುಳಿಸಬೇಕು, ಆದರೆ ಯಾವಾಗ ಅನ್ನುವುದೇ ಕಸುಬು. ಮಣ್ಣು ತೊಪ್ಪೆಯಾಗಿದ್ದಾಗ ಎಳೆದರೆ ಮೆತ್ತು ಕಲ್ಲಿಗೆ ಅಂಟಿ ಕಿತ್ತು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಎಳೆದರೆ ಬಿರುಕು ಮುಚ್ಚುವುದಿಲ್ಲ, ಸಿಪ್ಪೆ ಏಳುತ್ತದೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಬೆರಳಿಗೆ ಹತ್ತಬಾರದು. ಹಿಮ ಬಿದ್ದರೆ ಮರದ ಸಲಿಕೆಯಲ್ಲಿ ಆಗಲೇ ತಳ್ಳಬೇಕು. ಇಲ್ಲವಾದರೆ ಅದರ ಭಾರ ಒಂದು ಕಡೆ, ಕರಗಿದ ನೀರು ಇನ್ನೊಂದು ಕಡೆ. ಹೊಟ್ಟಿನಲ್ಲಿ ಉಳಿದ ಕಾಳು ಮೊಳೆತು ಮಾಳಿಗೆ ಹಸಿರಾಗುವುದು ನೋಡಲು ಚೆಂದ. ಬೇರು ಇಳಿದ ಕಡೆಯೆಲ್ಲ ಸೋರಿಕೆ.

ಬೇಸಿಗೆಯಲ್ಲಿ ಇದೇ ಮಾಳಿಗೆ ಒಣಗಿಸುವ ಅಂಗಳ. ಸುಗ್ಗಿಯ ಗೋಧಿಯನ್ನು ದೊಡ್ಡ ತಾಮ್ರದ ಹಂಡೆಯಲ್ಲಿ, ಕಾಳು ಮೆತ್ತಗಾಗುವ ತನಕ, ಆದರೆ ಒಡೆಯುವ ಮುಂಚೆ ಇಳಿಸುವಂತೆ ಬೇಯಿಸುತ್ತಾರೆ. ಆ ಬೆಂದ ಗೋಧಿಗೆ ಸಕ್ಕರೆ, ಅಕ್ರೋಟು ಹಾಕಿ ಮಕ್ಕಳಿಗೆ ಹಂಚಿದ ಮೇಲೆ ಉಳಿದದ್ದು ಮಾಳಿಗೆಗೆ. ಎರಡು ಮೂರು ದಿನ ಕೆದಕುತ್ತಾ ಒಣಗಿಸಿ, ಸಿಪ್ಪೆ ಬಿಡಲೆಂದು ಸ್ವಲ್ಪ ನೀರು ಚಿಮುಕಿಸಿ, ಬೀಸಿ, ದಪ್ಪ ಸಣ್ಣ ಬೇರೆ ಮಾಡಿದರೆ ಬುರ್ಗುಲ್. ನಮ್ಮ ಕುಸುಬಲಕ್ಕಿಯ ಹಾಗೆ ಮೊದಲು ಬೇಯಿಸಿ ಆಮೇಲೆ ಒಣಗಿಸುವ ಕ್ರಮ ಇದು. ಹಾಗಾಗಿ ಅಂಗಡಿಯ ಹಸಿ ಗೋಧಿ ನುಚ್ಚು ತಂದು ಕಿಶ್ಕ್ ಮಾಡಲು ಹೊರಟರೆ ಅದು ಮೊಸರಿನಲ್ಲಿ ಅಂಟಾಗುತ್ತದೆ, ಉದುರುದುರಾಗುವುದಿಲ್ಲ.

ಕಿಶ್ಕ್ ಮೂನೆಯ ಕೊನೆಯ ದೊಡ್ಡ ಕೆಲಸಗಳಲ್ಲೊಂದು. ಒಂದು ಕೆಜಿ ಬುರ್ಗುಲ್‌ಗೆ ಒಟ್ಟು ನಾಲ್ಕು ಕೆಜಿಯಷ್ಟು ಮೊಸರು ಹಿಡಿಯುತ್ತದೆ, ಆದರೆ ಒಂದೇ ಸಲಕ್ಕಲ್ಲ. ಬುರ್ಗುಲ್ ತೊಳೆದು ಬಸಿದು, ಒಂದೂವರೆ ಕೆಜಿ ಮೊಸರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಮಾರನೆಯ ದಿನ ಕಾಳು ಮೊಸರನ್ನೆಲ್ಲ ಕುಡಿದು ಬಿಗಿದುಕೊಂಡಿರುತ್ತದೆ. ಆಗ ಉಪ್ಪು, ಸುಮಾರು 75 ಗ್ರಾಂ. ಉಳಿದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಲಬ್ನೆಯಾಗಿ ದಿನಕ್ಕಿಷ್ಟು ಸೇರಿಸುತ್ತಾ, ಒಂದು ವಾರದಿಂದ ಒಂಬತ್ತು ದಿನ ದಿನವೂ ನಾದಬೇಕು. ಮೇಕೆ ಹಾಲಿನದಾದರೆ ಹುಳಿ ಹರಿತ, ಹೆಸರೂ ಹೆಚ್ಚು. ಕೊಬ್ಬು ಜಾಸ್ತಿಯಿರುವ ಹಾಲಿನ ಮೊಸರು ಬೇಡ. ಕೆನೆ ತೆಗೆಯದಿದ್ದರೆ ಫೆಬ್ರವರಿ ಹೊತ್ತಿಗೆ ಪುಡಿ ಕಮಟು ಹಿಡಿಯುತ್ತದೆ. ಒಂದು ದಿನ ನಾದುವುದು ತಪ್ಪಿದರೂ ಮೇಲ್ಪದರದಲ್ಲಿ ಬೂಸು ಕಾಣಿಸಿಕೊಳ್ಳಬಹುದು.

ಹಿಟ್ಟು ಉಬ್ಬಿ, ಒಳಗೆ ಸಣ್ಣ ಸಣ್ಣ ಗುಳ್ಳೆ ಕಾಣಿಸಿ, ಮೂಗಿಗೆ ಹುಳಿ ಹೊಡೆದರೆ ಹದ ಬಂತು. ಸ್ವಲ್ಪವನ್ನು ಹಸಿಯಾಗಿಯೇ ಉಂಡೆ ಕಟ್ಟಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಉಳಿದದ್ದು ಬೆಳಿಗ್ಗೆಯೇ ಬಿಳಿ ಹತ್ತಿಬಟ್ಟೆಯ ಮೇಲೆ, ನೆಲ್ಲಿಕಾಯಿ ಗಾತ್ರದ ತುಣುಕುಗಳಾಗಿ. ಇದಕ್ಕಿಂತ ದಪ್ಪ ಇಟ್ಟರೆ ಹೊರಗೆ ಚಿಪ್ಪು ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಮುರಿದು ನೋಡಿದರೆ ನಡುವೆ ಹಳದಿ. ಮಧ್ಯಾಹ್ನಕ್ಕೆ ತುಣುಕನ್ನು ಇನ್ನೂ ಸಣ್ಣದಾಗಿ ಮುರಿಯಬೇಕು. ಸಂಜೆ ಇಬ್ಬನಿಗೆ ಮುಂಚೆ ಬಟ್ಟೆ ಮಡಚಿ ಒಳಗೆ.

ಎರಡನೆಯ ದಿನ ಉಜ್ಜುವ ಕೆಲಸ ಶುರು, ತಪ್ಪುವುದೂ ಇಲ್ಲೇ. ಹೆಂಗಸರು ಬಟ್ಟೆಯ ಸುತ್ತ ಕೂತು ಎರಡು ಅಂಗೈ ನಡುವೆ ಉಜ್ಜುತ್ತಾರೆ. ತುಣುಕು ಅಂಗೈಗೆ ಅಂಟಿದರೆ ಇನ್ನೂ ಹೊತ್ತಿದೆ. ಉಜ್ಜಿದಾಗ ರವೆಯಾಗಿ ಉದುರಿದರೆ ಸರಿಯಾದ ಸಮಯ. ಚೂಪಾಗಿ ಚುಚ್ಚಿದರೆ ತಡವಾಯಿತು, ಇನ್ನು ಬೀಸುವ ಕಲ್ಲೇ ಗತಿ. ಹೀಗೆ ಮೂರು ನಾಲ್ಕು ದಿನ. ಕೊನೆಗೆ ಜರಡಿ ಹಿಡಿದು, ಮೇಲೆ ನಿಂತ ತರಿಯನ್ನು ಮತ್ತೆ ಬೀಸಿ, ಹತ್ತಿ ಚೀಲಕ್ಕೆ. ಅಷ್ಟು ಪಾಡಿಗೆ ಸಿಗುವುದು ಸುಮಾರು ಒಂದೂವರೆ ಕೆಜಿ ಪುಡಿ. ಚಳಿಗಾಲದ ಬೆಳಿಗ್ಗೆ ಬೆಳ್ಳುಳ್ಳಿಯನ್ನು ಕೊಬ್ಬಿನಲ್ಲಿ ಬಾಡಿಸಿ, ಪುಡಿ ಹಾಕಿ ಎರಡು ಸಲ ಕೈಯಾಡಿಸಿ, ಒಂದು ಲೋಟಕ್ಕೆ ಮೂರು ನಾಲ್ಕು ಲೋಟ ತಣ್ಣೀರು. ಬಿಸಿನೀರು ಸುರಿದರೆ ಗಂಟು.

ಆ ಕೊಬ್ಬು ಬರುವುದು ಅವರ್ಮಾದಿಂದ, ಅಂದರೆ ಕೊಬ್ಬಿನಲ್ಲಿಟ್ಟ ಕುರಿಮಾಂಸದಿಂದ. ದಪ್ಪ ಬಾಲದ ಕುರಿಯೊಂದನ್ನು ಬೇಸಿಗೆಯಿಡೀ ಮನೆ ಮುಂದೆ ಕಟ್ಟಿ, ಹಿಪ್ಪುನೇರಳೆ ಸೊಪ್ಪನ್ನು ಮುದ್ದೆ ಮಾಡಿ ಕೈಯಾರೆ ಬಾಯಿಗೆ ತುರುಕಿ ಕೊಬ್ಬಿಸುತ್ತಿದ್ದರು. ಕಡಿಯುವುದು ಶಿಲುಬೆ ಹಬ್ಬದ ಆಸುಪಾಸಿನಲ್ಲಿ. ಬಾಲದ ಕೊಬ್ಬು ಕರಗಿಸಿ, ಉಪ್ಪು ಹಚ್ಚಿದ ಸಣ್ಣ ಮಾಂಸದ ತುಂಡುಗಳನ್ನು ನೀರಿನಂಶ ಹೋಗುವ ತನಕ ಅದರಲ್ಲೇ ಬೇಯಿಸಿ ಮಣ್ಣಿನ ಜಾಡಿಗೆ. ಕೊಬ್ಬು ಮಾಂಸದ ಮೇಲೆ ಎರಡು ಬೆರಳು ನಿಲ್ಲಬೇಕು. ಚಟಪಟ ಸದ್ದು ನಿಲ್ಲುವ ಮೊದಲೇ ಇಳಿಸಿದರೆ ಜಾಡಿಯೇ ಹಾಳು.

ಹಿಪ್ಪುನೇರಳೆ ಅಲ್ಲಿ ಕುರಿಗಾಗಿ ನೆಟ್ಟದ್ದಲ್ಲ. ವಸಂತದ ಚಿಗುರು ರೇಷ್ಮೆ ಹುಳುವಿಗೆ, ಬೇಸಿಗೆ ಮುಗಿವ ಹೊತ್ತಿನ ಸೊಪ್ಪು ಕುರಿಗೆ. ರಾಮನಗರದ ಕಡೆಯಂತೆ ವರ್ಷಕ್ಕೆ ಹಲವು ಬೆಳೆಯಲ್ಲ, ವರ್ಷಕ್ಕೊಂದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಗಿರಣಿಗಳಿಗೆ ನೂಲು ಹೋಗತೊಡಗಿದಂತೆ ಬೆಟ್ಟದ ಮೆಟ್ಟಿಲು ಹೊಲಗಳೆಲ್ಲ ಹಿಪ್ಪುನೇರಳೆಯಾದವು, ಗೋಧಿ ಹೊರಗಿನಿಂದ ಬರತೊಡಗಿತು. ಮೊದಲ ಮಹಾಯುದ್ಧದ ನಡುವೆ, 1915ರ ವಸಂತದಲ್ಲಿ ಮಿಡತೆ ಎರಗಿತು. ಸಮುದ್ರದಲ್ಲಿ ಮಿತ್ರಪಕ್ಷಗಳ ದಿಗ್ಬಂಧನ, ನೆಲದ ಮೇಲೆ ಆಟೊಮನ್ ಸೇನೆಯ ಧಾನ್ಯ ವಸೂಲಿ, ನಡುವೆ ಕಾಳಸಂತೆ. 1918ರ ಹೊತ್ತಿಗೆ ಮೌಂಟ್ ಲೆಬನಾನಿನ ಮೂವರಲ್ಲಿ ಒಬ್ಬರು ಸತ್ತಿದ್ದರೆಂಬುದು ಸಾಮಾನ್ಯ ಅಂದಾಜು. ಮೂನೆಗೆ ಪಾತ್ರೆ, ಕೈಚಳಕ, ಮಾಳಿಗೆ ಎಲ್ಲ ಇದ್ದವು, ತುಂಬಲು ಕಾಳಿರಲಿಲ್ಲ.

ರೇಷ್ಮೆ ದುಡ್ಡು, ಆಮೇಲೆ ಬ್ರೆಜಿಲ್, ಅಮೆರಿಕಕ್ಕೆ ಹೋದವರ ದುಡ್ಡು ಮಾಳಿಗೆಯನ್ನೂ ಬದಲಿಸಿತು. ಮಾರ್ಸೇಯಿಂದ ಹಡಗಿನಲ್ಲಿ ಬಂದ ಕೆಂಪು ಹೆಂಚು ಕೂತಿತು. ಸೋರಿಕೆ, ಕಲ್ಲುರುಳೆ ಎರಡರ ಕಾಟವೂ ತಪ್ಪಿತು, ಆದರೆ ಇಳಿಜಾರಿನ ಮೇಲೆ ಕಿಶ್ಕ್ ಹರಡಲಾಗದು. ಕ್ಯಾಲೆಂಡರ್ ಚಿತ್ರಗಳು ಇದನ್ನೇ ‘ಅಪ್ಪಟ ಲೆಬನಾನಿ ಮನೆ’ ಅನ್ನುವುದು ನನಗಂತೂ ತಮಾಷೆ. ಸಿಮೆಂಟು ಬಂದ ಮೇಲೆ ಚಪ್ಪಟೆ ಮಾಳಿಗೆ ಮರಳಿತು. 2019ರ ಆರ್ಥಿಕ ಕುಸಿತದ ನಂತರ, ಅದರಲ್ಲೂ 2021ರಿಂದ, ಸರ್ಕಾರಿ ಕರೆಂಟು ದಿನಕ್ಕೆ ಕೆಲವೇ ಗಂಟೆಯಾದಾಗ ಫ್ರೀಜರ್ ನಂಬಿದ್ದ ಮನೆಗಳೂ ಒಣಗಿಸುವುದಕ್ಕೆ ತಿರುಗಿದವು. ಈಗ ಆ ಜಾಗಕ್ಕೆ ಸೋಲಾರ್ ಫಲಕ, ನೀರಿನ ಟ್ಯಾಂಕು ಪೈಪೋಟಿಗೆ ಬಂದಿವೆ. ಬಟ್ಟೆ ಹಾಸಲು ಉಳಿದದ್ದು ಫಲಕಗಳ ನಡುವಿನ ಓಣಿ. ನೆರಳು ಸರಿದಂತೆ ಬಟ್ಟೆಯನ್ನೂ ಸರಿಸದಿದ್ದರೆ ಒಂದು ಅಂಚು ಹಸಿ ಉಳಿಯುತ್ತದೆ, ಚೀಲದೊಳಗೆ ಬೂಸು ಶುರುವಾಗುವುದು ಅಲ್ಲಿಂದಲೇ.